ಗುಂಡಿ ಒತ್ತಿದರೂ ಬದಲಾಗದ ಗಿಯರು

ನೀವು ಮೋಟಾರ್ ಸೈಕಲ್ ಓಡಿಸುವವರಾದರೆ ನಿಮ್ಮ ಎಡಗಾಲನ್ನು ಒಮ್ಮೆ ಗಮನಿಸಿ. ಗಿಯರು ಬದಲಿಸುವಾಗ ಅದು ಒಂದು ಸನ್ನೆಯನ್ನು ಒತ್ತುತ್ತದೆ ಅಥವಾ ಎತ್ತುತ್ತದೆ, ಅಷ್ಟೇ ಎಂದು ಅನಿಸುತ್ತದೆ. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ಒಳಗೆ ಗಿಯರಿನ ಹಲ್ಲುಗಳು ಕೂಡಿಕೊಂಡಾಗ ಬರುವ ಸಣ್ಣ 'ಟಕ್' ಎಂಬ ಸ್ಪರ್ಶವನ್ನು ಅದು ಗ್ರಹಿಸುತ್ತದೆ. ಹಲ್ಲಿಗೆ ಹಲ್ಲು ತಾಗಿ ನಿಂತರೆ ನೀವು ಕಾಲನ್ನು ಕೊಂಚ ಸಡಿಲಿಸಿ, ಕ್ಲಚ್ಚನ್ನು ಒಂದಿಷ್ಟು ಬಿಟ್ಟು ಹಿಡಿದು, ಮತ್ತೆ ಒತ್ತುತ್ತೀರಿ. ಇದನ್ನೆಲ್ಲ ಯೋಚಿಸದೆಯೇ ಮಾಡುತ್ತೀರಿ.

ಈ ಕೆಲಸವನ್ನು ವಿದ್ಯುತ್ ಮೋಟಾರಿಗೆ ವಹಿಸಿದರೆ ಏನಾಗುತ್ತದೆ? ಒತ್ತುವ ಬಲವನ್ನು ಅದು ಸುಲಭವಾಗಿ ಕೊಡಬಲ್ಲದು. ಆದರೆ ಗಿಯರು ಬಿತ್ತೇ ಇಲ್ಲವೇ ಎಂದು ಗ್ರಹಿಸುವವರು ಯಾರು? ಗುಂಡಿ ಒತ್ತಿ ಗಿಯರು ಬದಲಿಸುವ ಯಂತ್ರಗಳಿಗೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅವುಗಳಲ್ಲಿ ಇತ್ತೀಚಿನ ಒಂದು, ಎಟಿವಿ ಎಂದು ಕರೆಯುವ ನಾಲ್ಕು ಚಕ್ರದ ವಾಹನದಲ್ಲಿದೆ. ಅದು ಕೈಕೊಟ್ಟಾಗ ದೋಷವನ್ನು ಎಲ್ಲಿ ಹುಡುಕಬೇಕೆಂದು ತಿಳಿಯಲು ಹಳೆಯ ಯಂತ್ರಗಳ ಕಥೆ ನಮಗೆ ನೆರವಾಗುತ್ತದೆ.

ಎಟಿವಿ ಎಂದರೆ ಕೆಸರು, ಮರಳು, ಹಿಮ, ಕಲ್ಲುಗುಡ್ಡ ಎನ್ನದೆ ಎಲ್ಲ ಬಗೆಯ ನೆಲದ ಮೇಲೂ ಓಡಬಲ್ಲ ವಾಹನ. ಮೋಟಾರ್ ಸೈಕಲಿನಂತೆ ಕಾಲು ಚಾಚಿ ಕುಳಿತು, ಹ್ಯಾಂಡಲ್ ಹಿಡಿದು ಓಡಿಸಬೇಕು. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಯುಎಸ್90 ಎಂಬ ಮೂರು ಚಕ್ರದ ವಾಹನದಿಂದ ಇದರ ಕಥೆ ಆರಂಭವಾಗುತ್ತದೆ. ಚಳಿಗಾಲದಲ್ಲಿ ಮೋಟಾರ್ ಸೈಕಲ್ ಕೊಳ್ಳುವವರಿಲ್ಲದೆ ಕೈಕಟ್ಟಿ ಕೂರುತ್ತಿದ್ದ ವ್ಯಾಪಾರಿಗಳಿಗೆ ಮಾರಲು ಏನಾದರೂ ಬೇಕಿತ್ತು. ಎಂಜಿನಿಯರ್ ಒಸಾಮು ತಾಕೆಯುಚಿ ಅವರ ತಂಡ ಕಡಿಮೆ ಒತ್ತಡದ, ಬಲೂನಿನಂಥ ದಪ್ಪ ಟೈರುಗಳನ್ನು ಹಾಕಿ ಹಿಮದ ಮೇಲೂ ಹೂತುಹೋಗದ ವಾಹನವನ್ನು ರೂಪಿಸಿತು. ಸುಜುಕಿ ಕಂಪನಿ 1982ರಲ್ಲಿ ನಾಲ್ಕು ಚಕ್ರದ ಎಟಿವಿಯನ್ನು ತಂದಿತು. ಮೂರು ಚಕ್ರದವು ಉರುಳಿಬಿದ್ದು ಅಪಘಾತಗಳು ಹೆಚ್ಚಿದ್ದರಿಂದ, ಅಮೆರಿಕದಲ್ಲಿ 1988ರ ಒಪ್ಪಂದವೊಂದರಂತೆ ತಯಾರಕರು ಅವುಗಳ ಮಾರಾಟವನ್ನು ನಿಲ್ಲಿಸಿದರು. ಉಳಿದದ್ದು ನಾಲ್ಕು ಚಕ್ರದ್ದು. ಅದು ಬರಬರುತ್ತ ಆಟದ ವಾಹನವಾಗಿ ಮಾತ್ರ ಉಳಿಯದೆ ದನಗಾಹಿಗಳ, ರೈತರ ದಿನನಿತ್ಯದ ಸಾಧನವೂ ಆಯಿತು.

ಹಿಮದಲ್ಲಿ ದಪ್ಪ ಬೂಟು ತೊಟ್ಟ ಕಾಲಿನ ಬೆರಳಿನಿಂದ ಗಿಯರಿನ ಸನ್ನೆ ಎತ್ತುವುದು ಸುಲಭವಲ್ಲ. ಕೆಲವು ತಯಾರಕರು ಗಿಯರನ್ನೇ ಕೈಬಿಟ್ಟು ಬೆಲ್ಟ್ ಮತ್ತು ರಾಟೆಗಳ ಸ್ವಯಂಚಾಲಿತ ವ್ಯವಸ್ಥೆಯ ಮೊರೆಹೋದರು. 1985ರಲ್ಲಿ ಬಂದ ಪೊಲಾರಿಸ್ ಕಂಪನಿಯ ಎಟಿವಿಯಲ್ಲಿ ಅದೇ ಇತ್ತು. ಹೋಂಡಾ ಹಲ್ಲುಗಿಯರನ್ನು ಉಳಿಸಿಕೊಂಡು, ಸನ್ನೆಯನ್ನು ತಿರುಗಿಸುವ ಕೆಲಸವನ್ನು ಮಾತ್ರ ಮೋಟಾರಿಗೆ ಕೊಟ್ಟಿತು. 1998ರ ಫೋರ್‌ಮನ್ 450 ಇಎಸ್ ಮಾದರಿಯಲ್ಲಿ ಎಡಗೈ ಹೆಬ್ಬೆರಳಿನ ಬಳಿ ಎರಡು ಗುಂಡಿಗಳಿದ್ದವು. ಒಂದು ಒತ್ತಿದರೆ ಮೇಲಿನ ಗಿಯರು, ಇನ್ನೊಂದಕ್ಕೆ ಕೆಳಗಿನದು. ಎಟಿವಿಗೆ ಇದು ಹೊಸದಾಗಿದ್ದರೂ ಗುಂಡಿಯ ಗಿಯರು ಹೊಸದೇನೂ ಆಗಿರಲಿಲ್ಲ.

ಹಳೆಯ ಗುಂಡಿಗಳು

1914ರಲ್ಲಿ ಅಮೆರಿಕದ ಹೇನ್ಸ್ ಎಂಬ ಕಾರಿನಲ್ಲಿ ವಲ್ಕನ್ ವಿದ್ಯುತ್ ಗಿಯರು ಬಂದಿತ್ತು. ಬೇಕಾದ ಗಿಯರಿನ ಗುಂಡಿಯನ್ನು ಮೊದಲೇ ಒತ್ತಿಟ್ಟು, ಆಮೇಲೆ ಕ್ಲಚ್ ಪೆಡಲನ್ನು ಪೂರ್ತಿ ತುಳಿದರೆ ವಿದ್ಯುನ್ಮಂಡಲ ಪೂರ್ಣವಾಗುತ್ತಿತ್ತು. ಆಗ ಸೋಲೆನಾಯ್ಡ್, ಅಂದರೆ ತಂತಿಸುರುಳಿಯ ವಿದ್ಯುತ್ಕಾಂತ, ಗಿಯರನ್ನು ಎಳೆದು ಕೂರಿಸುತ್ತಿತ್ತು. ಕೇಳಲು ಸೊಗಸಾಗಿದೆ. ಆದರೆ ವಿದ್ಯುತ್ಕಾಂತದ ಸೆಳೆತದ ಬಗ್ಗೆ ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. ನಡುವಣ ಅಂತರ ಹೆಚ್ಚಿದಂತೆ ಸೆಳೆತ ಸ್ಥೂಲವಾಗಿ ಅಂತರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 1 ಮಿಲಿಮೀಟರ್ ಅಂತರದಲ್ಲಿರುವ ಬಲ 10 ಮಿಲಿಮೀಟರಿನಲ್ಲಿ ನೂರರಲ್ಲಿ ಒಂದು ಪಾಲಾಗುತ್ತದೆ. ಗಿಯರು ದೂರದಲ್ಲಿದ್ದು ಬಲ ಬೇಕಾದಾಗ ಅದು ಇರುವುದಿಲ್ಲ. ಹಲ್ಲು ಕೂಡುವ ಹೊತ್ತಿಗೆ, ನಯವಾಗಿ ಕೂಡಬೇಕಾದಲ್ಲಿ, ಬಲ ವಿಪರೀತವಾಗುತ್ತದೆ. ಕಾಲು ಮಾಡುವುದು ಇದಕ್ಕೆ ತದ್ವಿರುದ್ಧ. ಈ ವ್ಯವಸ್ಥೆ ಹೆಚ್ಚು ಕಾಲ ಬಾಳಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ.

1935ರ ಹಡ್ಸನ್ ಕಾರುಗಳಲ್ಲಿ 'ವಿದ್ಯುತ್ ಕೈ' ಎಂಬ ವ್ಯವಸ್ಥೆ ಬಂತು. ಬೆಂಡಿಕ್ಸ್ ಕಂಪನಿ ತಯಾರಿಸಿದ ಇದರಲ್ಲಿ ವಿದ್ಯುತ್ತು ಆಜ್ಞೆಯನ್ನು ಮಾತ್ರ ಒಯ್ಯುತ್ತಿತ್ತು. ದುಡಿಯುತ್ತಿದ್ದದ್ದು ಎಂಜಿನ್ನಿನ ಹೀರುನಳಿಕೆಯ ನಿರ್ವಾತ. ಸ್ಟಿಯರಿಂಗ್ ಬಳಿಯ ಪುಟ್ಟ ಸ್ವಿಚ್ಚನ್ನು ಬೆರಳಿನಿಂದ ಸರಿಸಿ ಗಿಯರು ಆರಿಸಬಹುದಿತ್ತು. ನನಗೆ ಇದರಲ್ಲಿ ಬಹಳ ಮೆಚ್ಚಿಗೆಯಾದ ಸಂಗತಿ ಬೇರೆಯೇ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಸಾಮಾನ್ಯ ಗಿಯರ್ ಸನ್ನೆಯನ್ನು ಸಿಕ್ಕಿಸಿ ಇಟ್ಟಿರುತ್ತಿದ್ದರು. ವಿದ್ಯುತ್ ಕೈ ಸೋತರೆ ಅದನ್ನು ತೆಗೆದು ಗಿಯರುಪೆಟ್ಟಿಗೆಗೆ ಜೋಡಿಸಿ ನಮ್ಮ ಕೈಯಿಂದಲೇ ಗಿಯರು ಹಾಕಬಹುದಿತ್ತು. ತಮ್ಮ ಯಂತ್ರ ಸೋಲಬಹುದೆಂದು ಒಪ್ಪಿಕೊಂಡ ತಯಾರಕರು ಇವರು.

ಇಪ್ಪತ್ತೆರಡು ವರ್ಷಗಳ ನಂತರ ಫೋರ್ಡ್ ಕಂಪನಿ ಈ ವಿವೇಕವನ್ನು ತೋರಲಿಲ್ಲ. 1957ರ ಸೆಪ್ಟೆಂಬರಿನಲ್ಲಿ ಭಾರಿ ಪ್ರಚಾರದೊಂದಿಗೆ ಬಂದ ಎಡ್ಸೆಲ್ ಕಾರಿನಲ್ಲಿ, ಸ್ಟಿಯರಿಂಗ್ ಚಕ್ರದ ನಡುವೆಯೇ ಗಿಯರಿನ ಗುಂಡಿಗಳಿದ್ದವು. 'ಟೆಲಿಟಚ್' ಎಂದು ಅದರ ಹೆಸರು. ಹಾರ್ನ್ ಇರುವ ರೂಢಿಯ ಜಾಗದಲ್ಲಿ ಗಿಯರಿನ ಗುಂಡಿ! ಅದಿರಲಿ. ಗುಂಡಿಗಳಿಂದ ಹೊರಟ ತಂತಿಗಳು ಎಂಜಿನ್ನಿನ ಬಿಸಿ ಹೊಗೆನಳಿಕೆಗೆ ಸಮೀಪದಲ್ಲಿದ್ದು ಕೆಡುತ್ತಿದ್ದವು. ಇಳಿಜಾರಿನಲ್ಲಿ 'ಪಾರ್ಕ್' ಸ್ಥಿತಿಯಲ್ಲಿ ನಿಲ್ಲಿಸಿದ ಕಾರಿನ ಭಾರವೆಲ್ಲ ಗಿಯರುಪೆಟ್ಟಿಗೆಯ ಕೊಂಡಿಯ ಮೇಲೆ ಬಿದ್ದರೆ, ಅದನ್ನು ಬಿಡಿಸುವಷ್ಟು ಶಕ್ತಿ ಆ ಪುಟ್ಟ ಮೋಟಾರಿಗೆ ಇರಲಿಲ್ಲ. ಪಾರ್ಕ್ ಗುಂಡಿ ಒತ್ತುವ ಮೊದಲು ಕೈಬ್ರೇಕು ಹಾಕಿ ಎಂದು ಮಾರಾಟಗಾರರು ಗ್ರಾಹಕರಿಗೆ ಹೇಳಬೇಕಾಯಿತು. 1959ರ ಮಾದರಿಯಲ್ಲಿ ಗುಂಡಿಗಳು ಇರಲಿಲ್ಲ, ಸನ್ನೆ ಮರಳಿ ಬಂದಿತ್ತು.

ಕಾಲಿನ ಬದಲು ಕೋನಸಂವೇದಕ

1998ರ ಎಟಿವಿಯ ಎಂಜಿನಿಯರುಗಳ ಬಳಿ ಎಡ್ಸೆಲ್ ಕಾಲದಲ್ಲಿ ಇಲ್ಲದ ಒಂದು ಸಾಧನವಿತ್ತು. ಅದೇ ಪುಟ್ಟ ಗಣಕ, ಅಂದರೆ ಇಲೆಕ್ಟ್ರಾನಿಕ್ ನಿಯಂತ್ರಕ. ನೀವು ಗುಂಡಿ ಒತ್ತಿದಾಗ ಅದು ನೇರವಾಗಿ ಮೋಟಾರಿಗೆ ಹೋಗುವುದಿಲ್ಲ, ನಿಯಂತ್ರಕಕ್ಕೆ ಒಂದು ಕೋರಿಕೆಯಾಗಿ ತಲುಪುತ್ತದೆ. ಈಗ ಯಾವ ಗಿಯರಿನಲ್ಲಿದೆ ಎಂದು ಗಿಯರ್ ಸ್ಥಾನದ ಸ್ವಿಚ್ಚು ಹೇಳುತ್ತದೆ. ವಾಹನದ ವೇಗ ಎಷ್ಟು ಎಂದು ಇನ್ನೊಂದು ಸಂವೇದಕ ತಿಳಿಸುತ್ತದೆ. ಎಲ್ಲ ಸರಿಯಿದ್ದರೆ ಮೋಟಾರು ತಿರುಗಿ, ವೇಗ ಇಳಿಸುವ ಹಲ್ಲುಚಕ್ರಗಳ ಮೂಲಕ ಗಿಯರಿನ ದಂಡವನ್ನು ತಿರುಗಿಸುತ್ತದೆ. ಈ ದಂಡದ ಚಲನೆಯ ಮೊದಲ ಭಾಗ ಕ್ಲಚ್ಚನ್ನು ಬಿಡಿಸುತ್ತದೆ, ಮುಂದಿನ ಭಾಗ ಗಿಯರನ್ನು ಬದಲಿಸುತ್ತದೆ. ಬಳಿಕ ದಂಡ ತನ್ನ ನಡುಸ್ಥಾನಕ್ಕೆ ಮರಳುತ್ತದೆ.

ದಂಡ ಎಷ್ಟು ತಿರುಗಿತು ಎಂದು ಕ್ಷಣಕ್ಷಣವೂ ನಿಯಂತ್ರಕಕ್ಕೆ ತಿಳಿಸಲು ಅದರ ಜೊತೆ ಒಂದು ಕೋನಸಂವೇದಕವಿದೆ. ನಿಮ್ಮ ಎಡಗಾಲಿನ ಗ್ರಹಣಶಕ್ತಿಯ ಜಾಗದಲ್ಲಿ ಕೂತಿರುವುದು ಇದೇ. ಬಿಚ್ಚಿ ನೋಡಿದರೆ ಅದು ನಮಗೆ ಚೆನ್ನಾಗಿ ಪರಿಚಯವಿರುವ ವಸ್ತು: ರೋಧದ ಒಂದು ಕಮಾನು, ಅದರ ಎರಡು ತುದಿಗಳ ನಡುವೆ ಸುಮಾರು 5 ವೋಲ್ಟ್, ಕಮಾನಿನ ಮೇಲೆ ಜಾರುವ ಒಂದು ಸ್ಪರ್ಶಕ. ಅಂದರೆ ಪೊಟೆನ್ಷಿಯೊಮೀಟರು! ಸ್ಪರ್ಶಕದಲ್ಲಿ ಸಿಗುವ ವಿಭವ ದಂಡದ ಕೋನವನ್ನು ಹೇಳುತ್ತದೆ.

ಈಗ ನಿಮ್ಮ ಕಾಲೇಜಿನ ಪ್ರಯೋಗಶಾಲೆಯ ಹಳೆಯ ಮೀಟರ್ ಬ್ರಿಡ್ಜನ್ನು ನೆನಪಿಸಿಕೊಳ್ಳಿ. ಅದರ ತಂತಿ ಎಲ್ಲಿ ಸವೆದಿರುತ್ತದೆ? ನಡುವಿನಲ್ಲಿ. ತಲೆಮಾರುಗಳ ವಿದ್ಯಾರ್ಥಿಗಳು ಸಮತೋಲ ಬಿಂದುವನ್ನು 50 ಸೆಂಟಿಮೀಟರಿನ ಆಸುಪಾಸಿನಲ್ಲೇ ಹುಡುಕುತ್ತ ಜಾಕಿಯನ್ನು ಅಲ್ಲೇ ಉಜ್ಜಿರುತ್ತಾರೆ. ಎಟಿವಿಯ ಕೋನಸಂವೇದಕದ ಪಾಡೂ ಇದೇ. ದಂಡ ಪ್ರತಿಸಲವೂ ನಡುಸ್ಥಾನಕ್ಕೆ ಮರಳಿ, ಓಡುವಷ್ಟು ಹೊತ್ತೂ ಅಲ್ಲೇ ಅದುರುತ್ತಿರುತ್ತದೆ. ಸವೆತ ಅಲ್ಲೇ ಆಗುತ್ತದೆ. ಸಾಲದ್ದಕ್ಕೆ ಈ ಸಂವೇದಕ ಎಂಜಿನ್ನಿನ ಮುಂಭಾಗದಲ್ಲಿ, ಕೆಸರು ಸಿಡಿಯುವ ಕಡೆ ಇದೆ. ರಭಸದ ನೀರಿನ ಪಿಚಕಾರಿಯಿಂದ ವಾಹನ ತೊಳೆಯುವವರು ಕೆಸರನ್ನು ಕಳೆದೆವೆಂದುಕೊಂಡು ನೀರನ್ನು ಅದರ ಜೋಡಣೆಯೊಳಗೆ ತಳ್ಳುತ್ತಾರೆ.

ಸಂವೇದಕದ ಮಾತು ನಂಬುವಂತಿಲ್ಲ ಎಂದು ಕಂಡಾಗ ನಿಯಂತ್ರಕ ಗಿಯರು ಬದಲಿಸುವುದನ್ನೇ ನಿಲ್ಲಿಸುತ್ತದೆ. ಗಿಯರಿನ ಅಂಕಿ ಕಾಣುವ ಕಡೆ ಎರಡು ಅಡ್ಡಗೆರೆಗಳು ಮಿನುಗತೊಡಗುತ್ತವೆ. ಕೀಲಿ ಆರಿಸಿ ಮತ್ತೆ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಹತ್ತು ನಿಮಿಷದ ಮೇಲೆ ಮತ್ತೆ ಮಿನುಗು. ಕೀಲಿ ತಿರುವಿದರೆ ಸರಿಯಾಗುತ್ತದಲ್ಲ, ಹಾಗಾದರೆ 'ಕಂಪ್ಯೂಟರೇ ಕೆಟ್ಟಿದೆ' ಎಂದು ಹೇಳಿ ಅತಿ ದುಬಾರಿಯಾದ ಭಾಗವನ್ನೇ ಮೊದಲು ಬದಲಿಸುವ ರೂಢಿ ಇದೆ. ಇದು ತಪ್ಪು ತರ್ಕ. ಕೀಲಿ ತಿರುವಿದಾಗ ನಿಯಂತ್ರಕ ತನ್ನ ಅನುಮಾನವನ್ನು ಮರೆಯುತ್ತದೆಯೇ ಹೊರತು ಅನುಮಾನದ ಕಾರಣ ಅಲ್ಲೇ ಇರುತ್ತದೆ. ಥರ್ಮಾಮೀಟರನ್ನು ಕೊಡವಿದರೆ ಜ್ವರ ಇಳಿಯುವುದೇ?

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಇಡೀ ವ್ಯವಸ್ಥೆಯನ್ನು ಮೊದಲು ಎರಡು ಭಾಗ ಮಾಡಿ: ಗಿಯರುಪೆಟ್ಟಿಗೆಯ ಕಬ್ಬಿಣದ ಭಾಗ ಒಂದು, ವಿದ್ಯುತ್ತಿನ ಭಾಗ ಇನ್ನೊಂದು. ಹೋಂಡಾದವರು ವಾಹನದ ಉಪಕರಣಗಳ ಚೀಲದಲ್ಲಿ ಒಂದು ಸಣ್ಣ ಸನ್ನೆ ಇಟ್ಟಿರುತ್ತಾರೆ. ಹಡ್ಸನ್ ಕಾರಿನ ಡ್ಯಾಶ್‌ಬೋರ್ಡಿನ ಅಡಿಯಿದ್ದ ಅದೇ ಸನ್ನೆ, ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ! ಎಂಜಿನ್ ನಿಲ್ಲಿಸಿ, ಅದನ್ನು ಗಿಯರಿನ ದಂಡದ ತುದಿಗೆ ಸಿಕ್ಕಿಸಿ, ವಾಹನವನ್ನು ಹಿಂದೆ ಮುಂದೆ ಕೊಂಚ ಅಲುಗಿಸುತ್ತ ತಿರುಗಿಸಿ. ಅಲುಗಿಸುವುದು ಏಕೆಂದರೆ, ನಿಂತ ಎಂಜಿನ್ನಿನಲ್ಲಿ ಹಲ್ಲಿಗೆ ಹಲ್ಲು ತಾಗಿ ನಿಂತಿರಬಹುದು. ಎಲ್ಲ ಗಿಯರುಗಳೂ ಹಗುರಾಗಿ ಬಿದ್ದರೆ ಕಬ್ಬಿಣದ ಭಾಗ ನಿರಪರಾಧಿ. ಬಿಗಿಯಿದ್ದರೆ ಕ್ಲಚ್ಚಿನ ಹೊಂದಾಣಿಕೆಯನ್ನೂ ಎಣ್ಣೆಯನ್ನೂ ಮೊದಲು ನೋಡಿ. ಕ್ಲಚ್ ಪೂರ್ತಿ ಬಿಡದಿದ್ದರೆ ಯಾವ ಮೋಟಾರೂ ಗಿಯರನ್ನು ಬಿಡಿಸಲಾರದು. ಎಡ್ಸೆಲ್‌ನ ಇಳಿಜಾರಿನ ಕಥೆಯೇ ಇಲ್ಲಿಯೂ ನಡೆಯುತ್ತದೆ.

ಎರಡನೆಯದು ಬ್ಯಾಟರಿ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿತೆಂದು ಸಮಾಧಾನಪಡಬೇಡಿ. ಅದು ವಿದ್ಯುಚ್ಚಾಲಕ ಬಲ. ಮೋಟಾರು ಎಳೆಯುವಾಗ ಉಳಿಯುವುದು, ಆಂತರಿಕ ರೋಧದಲ್ಲಿ ಕಳೆದುಹೋದದ್ದನ್ನು ಬಿಟ್ಟು ಮಿಕ್ಕಿದ ವಿಭವಾಂತರ. ಇದನ್ನು ನಾವು ಪ್ರತಿವರ್ಷ ಪಾಠ ಮಾಡುತ್ತೇವೆ, ಆದರೆ ಮೀಟರು ಕೈಗೆ ಬಂದಾಗ ಮರೆಯುತ್ತೇವೆ. ಒಬ್ಬರು ಗುಂಡಿ ಒತ್ತಲಿ, ನೀವು ಬ್ಯಾಟರಿಯ ತುದಿಗಳಲ್ಲಿ ಮೀಟರು ಇಟ್ಟು ಆ ಕ್ಷಣದ ಇಳಿತವನ್ನು ನೋಡಿ.

ಜೋಡಣೆಗಳ ವಿಚಾರವೂ ಹೀಗೆಯೇ. ತುಕ್ಕು ಹಿಡಿದ ಒಂದು ಜೋಡಣೆಯ ರೋಧ 0.1 ಓಮ್ ಎಂದು ಇಟ್ಟುಕೊಳ್ಳಿ. ಮೋಟಾರು 20 ಆಂಪಿಯರ್ ಎಳೆದರೆ ಅಲ್ಲಿ 2 ವೋಲ್ಟ್ ನಷ್ಟ. ಮೀಟರನ್ನು ಓಮ್‌ಗೆ ತಿರುಗಿಸಿ ಅಳೆದರೆ ಈ 0.1 ಓಮ್ ಕಾಣುವುದೇ ಇಲ್ಲ, ಏಕೆಂದರೆ ಮೀಟರಿನ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚಿರಬಹುದು. ಆದ್ದರಿಂದ ರೋಧವನ್ನು ಅಳೆಯಬೇಡಿ. ವಿದ್ಯುತ್ತು ಹರಿಯುತ್ತಿರುವಾಗ ಜೋಡಣೆಯ ಎರಡೂ ಬದಿಯ ವಿಭವಾಂತರವನ್ನು ಅಳೆಯಿರಿ. ಬ್ಯಾಟರಿಯ ಋಣತುದಿಯಿಂದ ವಾಹನದ ಚೌಕಟ್ಟಿಗೆ ಹೋಗುವ ತಂತಿಯನ್ನು ಮರೆಯಬೇಡಿ.

ಇಷ್ಟಾದ ಮೇಲೆ ಗುಂಡಿಗಳು, ಗಿಯರ್ ಸ್ಥಾನದ ಸ್ವಿಚ್ಚು, ಆಮೇಲೆ ಕೋನಸಂವೇದಕ. ನಿಯಂತ್ರಕ ತನಗೆ ಕಂಡ ದೋಷವನ್ನು ಸಂಕೇತವಾಗಿ ನೆನಪಿಟ್ಟಿರುತ್ತದೆ. ಅದನ್ನು ಓದುವ ಕ್ರಮ ಆಯಾ ಮಾದರಿಯ ದುರಸ್ತಿ ಕೈಪಿಡಿಯಲ್ಲಿರುತ್ತದೆ. ಸಂಕೇತ 'ಕೋನಸಂವೇದಕ' ಎಂದು ಹೇಳಿದರೂ ಅದನ್ನೇ ದೋಷಿ ಎನ್ನುವಂತಿಲ್ಲ. ಅದರ ತಂತಿ, ಜೋಡಣೆಯ ಹಸಿರು ತುಕ್ಕು, ಅದಕ್ಕೆ ಸಿಗಬೇಕಾದ 5 ವೋಲ್ಟ್, ಇವುಗಳಲ್ಲಿ ಯಾವುದು ತಪ್ಪಿದರೂ ಸಂಕೇತ ಒಂದೇ. ಸಂವೇದಕವನ್ನೇ ಪರೀಕ್ಷಿಸಲು ಮುಳ್ಳಿನ ಮೀಟರು ಅಂಕಿಯ ಮೀಟರಿಗಿಂತ ಒಳ್ಳೆಯದು. ದಂಡವನ್ನು ಸನ್ನೆಯಿಂದ ನಿಧಾನವಾಗಿ ತಿರುಗಿಸಿದಾಗ ಮುಳ್ಳು ನಯವಾಗಿ ಏರಿಳಿಯಬೇಕು. ನಡುವಿನ ಬಳಿ ಒಮ್ಮೆ ಕುಪ್ಪಳಿಸಿದರೂ ಕಮಾನು ಸವೆದಿದೆ ಎಂದೇ ಅರ್ಥ. ಅಂಕಿಯ ಮೀಟರು ಈ ಕುಪ್ಪಳಿಕೆಯನ್ನು ಎರಡು ಓದುಗಳ ನಡುವೆ ನುಂಗಿಬಿಡಬಹುದು. ಮೂಲೆಗೆ ಸೇರಿದ ಹಳೆಯ ಮೀಟರುಗಳನ್ನು ಎಸೆಯದಿರಲು ಇದೂ ಒಂದು ಕಾರಣ.

ಮೋಟಾರು ಕೊನೆಯದು. ಅದರೊಳಗೆ ಕಾರ್ಬನ್ ಕುಂಚಗಳ ಪುಡಿ, ನೀರು, ತುಕ್ಕು ಸೇರಿ ಅಂಟಿಕೊಂಡಿರುವುದುಂಟು. ಬಿಚ್ಚಿ ಒರೆಸಿದರೆ ಎಷ್ಟೋ ಸಲ ಅದು ಮತ್ತೆ ದುಡಿಯುತ್ತದೆ. ನಿಯಂತ್ರಕವನ್ನು ಅನುಮಾನಿಸುವುದು ಇವೆಲ್ಲ ಮುಗಿದ ಮೇಲೆ ಮಾತ್ರ.

ಎಲ್ಲ ಸರಿಹೋದ ದಿನ ಇನ್ನೊಂದು ಕೆಲಸ ಮಾಡಿ. ದಂಡ ನಡುಸ್ಥಾನದಲ್ಲಿರುವಾಗ ಕೋನಸಂವೇದಕದ ವಿಭವ ಎಷ್ಟೆಂದು ಅಳೆದು, ಗುಂಡಿ ಒತ್ತಿದಾಗ ಬ್ಯಾಟರಿ ಎಷ್ಟಕ್ಕೆ ಇಳಿಯಿತೆಂಬುದನ್ನೂ ಸೇರಿಸಿ, ಕೈಪಿಡಿಯ ಒಳರಕ್ಷಾಪುಟದ ಮೇಲೆ ತಾರೀಖಿನೊಂದಿಗೆ ಬರೆದಿಡಿ. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆದು ಅದರ ಕೆಳಗೇ ಬರೆಯಿರಿ. ಹಾಗೆಯೇ ಉಪಕರಣಗಳ ಚೀಲದಲ್ಲಿ ಆ ಸಣ್ಣ ಸನ್ನೆ ಇದೆಯೇ ನೋಡಿ. ಕೈ ಬದಲಿಸಿದ ವಾಹನಗಳಲ್ಲಿ ಸುಲಭವಾಗಿ ಕಳೆದುಹೋಗುವ ವಸ್ತು ಅದು.