ಅಯಾನು ವಿನಿಮಯದಿಂದ ನೀರಿನ ಸಂಸ್ಕರಣೆ

ಅಯಾನು ವಿನಿಮಯವೆಂದರೆ ನೀರಿನಲ್ಲಿ ಕರಗಿರುವ ಲವಣಗಳ ವಿದ್ಯುದಾವೇಶವುಳ್ಳ ಕಣಗಳನ್ನು (ಅಯಾನುಗಳನ್ನು) ಒಂದು ಘನವಸ್ತುವಿನಲ್ಲಿರುವ ಬೇರೆ ಅಯಾನುಗಳೊಂದಿಗೆ ಅದಲುಬದಲು ಮಾಡುವ ವಿಧಾನ. ಈ ಘನವಸ್ತುವನ್ನು ರಾಳ ಅಥವಾ ರೆಸಿನ್ ಎನ್ನುತ್ತಾರೆ. ಇದರಿಂದ ಗಡಸು ನೀರನ್ನು ಮೆದುಗೊಳಿಸಬಹುದು. ಲವಣಗಳನ್ನು ಬಹುಮಟ್ಟಿಗೆ ತೆಗೆದು ಅಯಾನುರಹಿತ ನೀರನ್ನೂ ಪಡೆಯಬಹುದು. ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು; ಆದರೆ ದೊರೆಯುವ ನೀರು ಬೇರೆ ಬೇರೆ.

ಹಿನ್ನೆಲೆ

1850ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಎಂಬುವರು, ಅಮೋನಿಯಂ ಲವಣದ ದ್ರಾವಣವು ಮಣ್ಣಿನ ಮೂಲಕ ಇಳಿದಾಗ ಅಮೋನಿಯಂ ಮಣ್ಣಿನಲ್ಲಿ ಉಳಿದು ಕ್ಯಾಲ್ಸಿಯಂ ಹೊರಬರುವುದನ್ನು ವರದಿ ಮಾಡಿದರು. ಗೊಬ್ಬರದ ಚಿಂತನೆಯಿಂದ ಹುಟ್ಟಿದ ಈ ಅರಿವು ನೀರಿನ ಸಂಸ್ಕರಣೆಗೆ ಒದಗಿದ್ದು 20ನೆಯ ಶತಮಾನದ ಆರಂಭದಲ್ಲಿ, ಜರ್ಮನಿಯ ರಾಬರ್ಟ್ ಗ್ಯಾನ್ಸ್ ಕೃತಕ ಜಿಯೊಲೈಟುಗಳನ್ನು ಬಳಸಿದಾಗ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಸಂಶ್ಲೇಷಿತ ರಾಳಗಳನ್ನು ರೂಪಿಸಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಸ್ಟೈರೀನ್ ಆಧಾರಿತ, ಸಾಸಿವೆಗಿಂತಲೂ ಚಿಕ್ಕದಾದ ಗುಂಡುಮಣಿಗಳು.

ಮೆದುಗೊಳಿಸುವಿಕೆ

ಶಿಲೆಗಳ ಸಂದಿನಲ್ಲಿ ಹರಿದು ಬರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೇರುತ್ತವೆ. ಇಂತಹ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುತ್ತದೆ. ಬಾಯ್ಲರಿನಲ್ಲಿ ಇದೇ ಪದರವು ಶಾಖವನ್ನು ತಡೆದು, ಕೊಳವೆಗಳು ಅತಿಯಾಗಿ ಕಾದು ಒಡೆಯಲು ಕಾರಣವಾಗಬಲ್ಲದು.

ಮೆದುಗೊಳಿಸುವ ರಾಳದ ಮಣಿಗಳಲ್ಲಿ ಮೊದಲಿಗೆ ಸೋಡಿಯಂ ಅಯಾನುಗಳಿರುತ್ತವೆ. ರಾಳಕ್ಕೆ ಸೋಡಿಯಂಗಿಂತ ಕ್ಯಾಲ್ಸಿಯಂನ ಮೇಲೆ ಸೆಳೆತ ಹೆಚ್ಚು. ಆದ್ದರಿಂದ ಒಂದು ಕ್ಯಾಲ್ಸಿಯಂ ಒಳಸೇರಿ ಎರಡು ಸೋಡಿಯಂ ನೀರಿಗೆ ಇಳಿಯುತ್ತವೆ. ರಾಳ ತುಂಬಿದ ಮೇಲೆ ಸುಮಾರು ಶೇ. 10ರ ಉಪ್ಪುನೀರನ್ನು ಹಾಯಿಸುತ್ತಾರೆ. ಸೋಡಿಯಂನ ಸಂಖ್ಯಾಬಲವು ಆ ಸೆಳೆತವನ್ನು ಮೀರಿಸುವುದರಿಂದ ಕ್ಯಾಲ್ಸಿಯಂ ಬಿಡುಗಡೆಯಾಗಿ ರಾಳವು ಮೊದಲಿನಂತಾಗುತ್ತದೆ.

ಇಲ್ಲಿ ಲವಣ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆಯಷ್ಟೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ) ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪನ್ನು ಮಿತಗೊಳಿಸಬೇಕಾದವರು ಇದನ್ನು ಗಮನಿಸಬೇಕು. ಫ್ಲೋರೈಡ್ ಮತ್ತು ನೈಟ್ರೇಟ್ ಋಣಾವೇಶದವು. ಧನಾವೇಶದ ಅಯಾನುಗಳನ್ನಷ್ಟೇ ಬದಲಿಸುವ ಈ ರಾಳವು ಅವನ್ನು ಮುಟ್ಟುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂತಹ ಫ್ಲೋರೈಡ್ ಪೀಡಿತ ಪ್ರದೇಶಗಳ ಕೊಳವೆಬಾವಿಯ ನೀರು, ಮೆದುಗೊಳಿಸಿದ ಮಾತ್ರಕ್ಕೆ ಕುಡಿಯಲು ಯೋಗ್ಯವಾಗದು.

ಅಯಾನುರಹಿತಗೊಳಿಸುವಿಕೆ

ಇದಕ್ಕೆ ಎರಡು ಬಗೆಯ ರಾಳ ಬೇಕು. ಮೊದಲನೆಯದು ಎಲ್ಲ ಧನ ಅಯಾನುಗಳನ್ನು ಹಿಡಿದು ಹೈಡ್ರೋಜನ್ ಅಯಾನನ್ನೂ, ಎರಡನೆಯದು ಋಣ ಅಯಾನುಗಳನ್ನು ಹಿಡಿದು ಹೈಡ್ರಾಕ್ಸೈಡ್ ಅಯಾನನ್ನೂ ಬಿಡುತ್ತದೆ. ಇವೆರಡೂ ಕೂಡಿದರೆ ನೀರೇ ಆಗುತ್ತದೆ. ವಿಧಾನದ ಸೊಗಸು ಇರುವುದು ಇಲ್ಲಿ. ಎರಡೂ ರಾಳಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸುವ ಮಿಶ್ರಶಯ್ಯೆಯಲ್ಲಿ ಇನ್ನಷ್ಟು ಶುದ್ಧ ನೀರು ದೊರೆಯುತ್ತದೆ. ಅತಿಶುದ್ಧ ನೀರಿನ ವಿದ್ಯುತ್ ರೋಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 18.2 ಮೆಗಾಓಮ್-ಸೆಂಟಿಮೀಟರ್. ಪುನಶ್ಚೇತನಕ್ಕೆ ಉಪ್ಪಿನ ಬದಲು ಆಮ್ಲ ಹಾಗೂ ಕಾಸ್ಟಿಕ್ ಸೋಡಾ ಬೇಕಾಗುತ್ತವೆ.

ಹೆಚ್ಚು ಒತ್ತಡದ ಬಾಯ್ಲರುಗಳು, ಔಷಧ ತಯಾರಿಕೆ ಮತ್ತು ಅರೆವಾಹಕ ಉದ್ಯಮ ಇಂತಹ ನೀರನ್ನು ಬಳಸುತ್ತವೆ. ಋಣ ಅಯಾನು ರಾಳವು ಸಿಲಿಕಾವನ್ನು ಸಡಿಲವಾಗಿ ಹಿಡಿದಿರುವುದರಿಂದ, ರಾಳ ದಣಿದಾಗ ಸಾಮಾನ್ಯವಾಗಿ ಮೊದಲು ಜಾರುವುದು ಅದೇ. ಆವೇಶವಿಲ್ಲದ ಸಾವಯವ ವಸ್ತುಗಳನ್ನಾಗಲಿ ಬ್ಯಾಕ್ಟೀರಿಯಾಗಳನ್ನಾಗಲಿ ಈ ವಿಧಾನ ತೆಗೆಯುವುದಿಲ್ಲ. ಬಳಸದೆ ನಿಂತ ರಾಳದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುವುದೂ ಉಂಟು.

ಮಿತಿಗಳು

ನೀರಿನಲ್ಲಿರುವ ಕ್ಲೋರಿನ್ ರಾಳವನ್ನು ಸವೆಸುತ್ತದೆ. ಕಬ್ಬಿಣವು ಮಣಿಗಳ ಮೇಲೆ ಕಟ್ಟಿಕೊಳ್ಳುತ್ತದೆ. ಮೆದುಗೊಳಿಸುವ ಘಟಕದಿಂದ ಹೊರಬೀಳುವ ಉಪ್ಪುನೀರಿನ ವಿಲೇವಾರಿ ಇನ್ನೂ ದೊಡ್ಡ ತೊಡಕು. ಅದು ಬಚ್ಚಲ ನೀರಿನೊಡನೆ ಸೇರಿ ತೋಟಕ್ಕೆ ಮರುಬಳಕೆಯಾದಾಗ, ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಚದುರಿಸಿ ನೀರು ಇಂಗದಂತೆ ಮಾಡುತ್ತದೆ. ಸಂಸ್ಕರಿಸಿದ ನೀರನ್ನು ಗಿಡಗಳಿಗೆ ಬಿಡುವ ವಸತಿ ಸಮುಚ್ಚಯಗಳಲ್ಲಿ ಸಾಮಾನ್ಯವಾಗಿ ಈ ಉಪ್ಪುನೀರಿಗೆ ಪ್ರತ್ಯೇಕ ಕೊಳವೆ ಅಗತ್ಯವಾಗುತ್ತದೆ.