ಬೀಜದಿಂದೆದ್ದ ಕಬ್ಬು: ತಳಿ ಗುರುತಿಸುವ ಕ್ರಮದ ಇತಿಹಾಸ, ಕೃಷ್ಣಾ ತೀರದ ಹಿನ್ನೆಲೆಯಲ್ಲಿ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಕಟ್ಟಿದ ಬ್ಯಾರೇಜು 1989ರಲ್ಲಿ ಪೂರ್ಣಗೊಂಡಿತು. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಆದ ಈ ‘ಶ್ರಮಬಿಂದು ಸಾಗರ’ದ ಸೀಮೆಯಲ್ಲೂ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನೀರಾವರಿ ಹೊಲಗಳಲ್ಲೂ ಇಂದು ಕಬ್ಬಿನದೇ ಮೇಲುಗೈ. ಇಲ್ಲಿ ತಳಿಯನ್ನು ಕರೆಯುವುದು ಅಂಕಿಯಿಂದ: 86032, 265, 671. ಕಬ್ಬನ್ನು ನಿಜವಾದ ಬೀಜದಿಂದ ಎಬ್ಬಿಸುವುದು ಸಾಧ್ಯವಾದ ಮೇಲೆ ತಳಿಯ ಗುರುತು ಬಣ್ಣದಿಂದ ಗಣ್ಣು, ಕಣ್ಣು, ಎಲೆಬುಡಗಳಿಗೆ ಸರಿಯಿತು ಎಂಬುದು ಈ ಲೇಖನದ ಪ್ರತಿಪಾದನೆ.

ಬಣ್ಣದ ಕಾಲ

ರೈತ ನೆಡುವುದು ಕಣ್ಣುಳ್ಳ ಕಬ್ಬಿನ ತುಂಡು. ಅದರಿಂದ ಬರುವ ಬೆಳೆ ತಾಯಿಯ ಪಡಿಯಚ್ಚು. ಹೀಗೆ ನೆಟ್ಟು ಬೆಳೆಸುತ್ತ ಬಂದ ಬಗೆಗಳು ಒಂದೊಂದು ಸೀಮೆಯಲ್ಲಿ ಬೆರಳೆಣಿಕೆಯಷ್ಟೇ ಇದ್ದವು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ ಬಗೆಗಳಲ್ಲಿ ರಸದಾಳಿ, ಪಟ್ಟಾಪಟ್ಟಿಗಳಿವೆ. ಮುಂಬಯಿ ಪ್ರಾಂತ್ಯದ ದಖ್ಖನ್ ಭಾಗದಲ್ಲಿ ಪುಂಡ್ಯಾ ಹೆಸರಾಗಿತ್ತು. ಇರುವ ನಾಲ್ಕಾರು ಬಗೆಗಳನ್ನು ಬೇರ್ಪಡಿಸಲು ಕೆಂಪೋ ಬಿಳಿಯೋ, ಪಟ್ಟೆ ಇದೆಯೋ ಇಲ್ಲವೋ, ದಪ್ಪವೋ ತೆಳುವೋ ಎಂದು ನೋಡಿದರೆ ಸಾಕಾಗುತ್ತಿತ್ತು.

ಸೂಲಂಗಿಯೊಳಗಿನ ಬೀಜ

ಕಬ್ಬಿನ ಸೂಲಂಗಿ (ಹೂಗೊಂಚಲು) ಬರೀ ಜೊಳ್ಳು ಎಂಬ ನಂಬಿಕೆ ಬಹುಕಾಲ ಇತ್ತು. 1888ರಲ್ಲಿ ಜಾವಾದಲ್ಲಿ ಸೋಲ್ಟ್‌ವೆಡೆಲ್, ಮರುವರ್ಷ ಬಾರ್ಬಡೋಸ್‌ನಲ್ಲಿ ಹ್ಯಾರಿಸನ್ ಮತ್ತು ಬೋವೆಲ್ ಅದರ ಬೀಜ ಮೊಳೆಯುತ್ತದೆಂದು ತೋರಿಸಿದರು. ಭಾರತದಲ್ಲಿ 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಕೇಂದ್ರ ಶುರುವಾಯಿತು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅಲ್ಲಿ ‘ವೆಳ್ಳೈ’ ಕಬ್ಬನ್ನು ಸ್ಯಾಕರಂ ಸ್ಪಾಂಟೇನಿಯಮ್ ಎಂಬ ಕಾಡುಜಾತಿಯೊಡನೆ ಕೂಡಿಸಿದರು. ಅದರಿಂದ ಬಂದ ಕೋ 205 ತಳಿ 1918ರಲ್ಲಿ ಪಂಜಾಬಿನ ಹೊಲ ಸೇರಿತು. ಜಾವಾದ ಪಿಒಜೆ 2878 ಮತ್ತು ಕೋ 290ರ ಸಂಕರದಿಂದ ಹುಟ್ಟಿದ ಕೋ 419 ದಕ್ಷಿಣದಲ್ಲಿ ಪುಂಡ್ಯಾದಂಥ ಹಳೆಯ ಕಬ್ಬುಗಳನ್ನು ಹಿಂದಕ್ಕೆ ತಳ್ಳಿತು.

ದಪ್ಪ ರಸಗಬ್ಬಿನಲ್ಲಿ 80 ವರ್ಣತಂತುಗಳಿದ್ದರೆ, ಇಂದಿನ ಸಂಕರ ತಳಿಗಳಲ್ಲಿ ಸಾಮಾನ್ಯವಾಗಿ 100ರಿಂದ 130ರವರೆಗೆ ಇರುತ್ತವೆ. ಇವು ಪ್ರತಿ ಬೀಜದಲ್ಲೂ ಬೇರೆ ಬೇರೆ ರೀತಿ ಹಂಚಿಹೋಗುವುದರಿಂದ ಒಂದೇ ಸೂಲಂಗಿಯ ಎರಡು ಸಸಿಗಳು ಒಂದೇ ಥರ ಇರುವುದಿಲ್ಲ. ಸಾವಿರಾರು ಸಸಿಗಳಲ್ಲಿ ಒಂದನ್ನು ಆರಿಸಿ, ಅದರ ತುಂಡುಗಳನ್ನೇ ನೆಡುತ್ತ ಪರೀಕ್ಷಿಸಿ ಬಿಡುಗಡೆ ಮಾಡಲು ಹತ್ತು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಅಂದರೆ ಊರೂರಲ್ಲಿ ಹಬ್ಬಿದ 86032 ಮೂಲದಲ್ಲಿ ಒಂದೇ ಒಂದು ಸಸಿ.

ಗಣ್ಣಿನ ಸಾಕ್ಷಿ

ಅಣ್ಣತಮ್ಮಂದಿರಂಥ ಇಷ್ಟೊಂದು ಸಸಿಗಳ ನಡುವೆ ಬಣ್ಣವನ್ನು ನಂಬುವಂತಿಲ್ಲ. ರವದಿ (ಒಣಗಿದ ಎಲೆ) ಸುಲಿದ ಕಡೆ ಬಿಸಿಲು ತಾಗಿ ಕಬ್ಬು ಕೆಂಪಾದರೆ, ಮರೆಯಲ್ಲಿದ್ದ ಭಾಗ ಹಸಿರು-ಹಳದಿಯಾಗಿಯೇ ಉಳಿಯಬಹುದು. ಆದ್ದರಿಂದಲೇ ಇಂದಿನ ತಳಿ ವಿವರಣೆಗಳಲ್ಲಿ ಬಿಸಿಲಿಗೆ ಬಿದ್ದ ಬಣ್ಣ, ಮರೆಯ ಬಣ್ಣ ಎಂದು ಎರಡನ್ನೂ ಬರೆಯುತ್ತಾರೆ. ಬಾರ್ಬರ್ ಉತ್ತರ ಭಾರತದ ಕಬ್ಬುಗಳನ್ನು ಸುನ್ನಬಿಲೆ, ಮುಂಗೋ, ನಾರ್ಗೋರಿ, ಸರೇಥಾ, ಪನ್ಸಾಹಿ ಎಂಬ ಐದು ಗುಂಪುಗಳಾಗಿ ವಿಂಗಡಿಸಿದ್ದು ಇಡೀ ಗಿಡದ ಅಂಗಾಂಗಗಳನ್ನು ಹೋಲಿಸಿ ನೋಡಿ. ಜಾವಾದಲ್ಲಿ ತಳಿವಿಜ್ಞಾನಿ ಯೆಸ್ವೀಟ್ ಇನ್ನೂ ಸೂಕ್ಷ್ಮಕ್ಕಿಳಿದು, ಕಣ್ಣಿನ ಮೇಲಿನ ಕೂದಲಿನ ಗುಂಪುಗಳು ಎಲ್ಲೆಲ್ಲಿವೆ ಎಂಬುದನ್ನೇ ಗುರುತಾಗಿ ಬಳಸಿದ.

ಇಂದೂ ನೋಡುವ ಬಗೆ ಅದೇ. ಗಳದ ನಡುಭಾಗದಲ್ಲಿ ಒಂದು ರವದಿ ಸುಲಿದರೆ ಕಣ್ಣು ಕಾಣುತ್ತದೆ: ಅದು ದುಂಡಗಿದೆಯೋ, ಮೊಟ್ಟೆಯಾಕಾರವೋ, ಚೂಪೋ, ಮೇಲಿನ ಬೆಳವಣಿಗೆಯ ಉಂಗುರವನ್ನು ದಾಟಿದೆಯೋ ಇಲ್ಲವೋ. ಗಣ್ಣಿನ ಕೆಳಗಿನ ಬೂದುಮೇಣ ದಟ್ಟವೋ ತೆಳುವೋ, ಗಣ್ಣುಗಳ ನಡುವಿನ ಭಾಗ ನೆಟ್ಟಗಿದೆಯೋ ಅಂಕುಡೊಂಕೋ, ಮೈಯಲ್ಲಿ ಬಿರುಕಿದೆಯೋ ಎಂದು ನೋಡಬೇಕು. ಬಳಿಕ ಎಲೆಯ ಅಲಗು ಒರೆಯನ್ನು ಕೂಡುವ ಸಂದಿಯ ತೆಳುಪೊರೆ, ಅದರ ಪಕ್ಕದ ಕಿವಿಯಾಕಾರದ ಚಾಚು, ಒರೆಯ ಬೆನ್ನಿನ ಸುಂಕು. ಇವುಗಳಲ್ಲಿ ಒಂದೇ ಲಕ್ಷಣ ತೀರ್ಪು ಕೊಡದು. ನಾಲ್ಕೈದು ಒಟ್ಟಾಗಿ ಹೊಂದಬೇಕು.

ಅಂಕಿ ಮತ್ತು ಹೊಲ

ಕೋ 86032ರಲ್ಲಿ ‘ಕೋ’ ಕೊಯಮತ್ತೂರು, 86 ಆಯ್ಕೆಯ ವರ್ಷ, 032 ಕ್ರಮಸಂಖ್ಯೆ. ಇದರ ತಂದೆತಾಯಿಗಳು ಕೋ 62198 ಮತ್ತು ಕಡಲೂರಿನ ಕೋಸಿ 671. ಬೆಳಗಾವಿ ಜಿಲ್ಲೆಯ ಸಂಕೇಶ್ವರ ಸಂಶೋಧನಾ ಕೇಂದ್ರದ ತಳಿಗಳಿಗೆ ‘ಎಸ್‌ಎನ್‌ಕೆ’ ಎಂಬ ಅಡ್ಡಹೆಸರಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ಹೊಸ ತಳಿ ನೋಂದಾಯಿಸಲು ಅದು ಉಳಿದವುಗಳಿಗಿಂತ ಭಿನ್ನ, ಏಕರೂಪ, ಸ್ಥಿರ ಎಂದು ತೋರಿಸಬೇಕು. ಡಿಎನ್‌ಎ ಗುರುತುಗಳೂ ಈಗ ನೆರವಿಗಿವೆ.

ಗುರುತು ತಪ್ಪಿದರೆ ಪೆಟ್ಟು ಬೀಳುವುದು ಹೊಲಕ್ಕೆ. 671 ಬೇಗ ಮಾಗುವ ತಳಿ, ಆದರೆ ಕೆಂಪು ಕೊಳೆರೋಗಕ್ಕೆ ಸುಲಭದ ತುತ್ತು. ಅದರ ಸಂತಾನವಾದ 86032 ತಡವಾಗಿ ಮಾಗುತ್ತದೆ. ನಾಟಿಯಲ್ಲಿ ಎರಡೂ ಬೆರೆತರೆ ಕಟಾವಿಗೆ ಸರಿಯಾದ ಹೊತ್ತೇ ಸಿಗುವುದಿಲ್ಲ, ತುಂಡಿನೊಂದಿಗೆ ಬಂದ ರೋಗ ಕೂಳೆಗೂ ದಾಟುತ್ತದೆ. ನಾಟಿಗೆ ಕಬ್ಬು ಕೊಳ್ಳುವಾಗ ರೈತನ ಕೈಗೆ ಸಿಗುವ ಪರೀಕ್ಷೆ ಬಾರ್ಬರ್ ಕಾಲದ್ದೇ: ರವದಿ ಸುಲಿದು ಕಣ್ಣು ನೋಡುವುದು. ಹೆಸರು ಹೇಳುವುದು ತಳಿ ಎಲ್ಲಿ ಹುಟ್ಟಿತೆಂಬುದನ್ನು. ಕೊಂಡ ಹೊರೆ ಅದೇ ತಳಿಯದೋ ಅಲ್ಲವೋ ಎಂಬುದನ್ನು ಗಣ್ಣಿನಲ್ಲೇ ಓದಬೇಕು.