ತುಂಡಾದ ತೋಳು ಮತ್ತೆ ಕೂಡಿದ ಕಥೆ

ತುಂಡಾದ ತೋಳು ಮತ್ತೆ ಕೂಡಿತೆಂದರೆ ನಮ್ಮ ಹಿರಿಯರು ಅದನ್ನು ಪುರಾಣಕ್ಕೆ ಸೇರಿಸುತ್ತಿದ್ದರು. ಅದು ಚರಿತ್ರೆಗೆ ಸೇರಿದ್ದು 1962ರ ಮೇ 23ರಂದು. ಅಮೆರಿಕದ ಬಾಸ್ಟನ್ ಬಳಿ ಗೂಡ್ಸ್ ರೈಲು ಹತ್ತಹೋದ 12 ವರ್ಷದ ಹುಡುಗನೊಬ್ಬನ ಬಲತೋಳು ಭುಜದ ಬಳಿ ಕತ್ತರಿಸಿಹೋಯಿತು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರೊನಾಲ್ಡ್ ಮಾಲ್ಟ್ ಮತ್ತು ಸಂಗಡಿಗರು ತೋಳನ್ನು ಮಂಜುಗಡ್ಡೆಯಲ್ಲಿ ತಂಪಾಗಿರಿಸಿ, ರಕ್ತನಾಳಗಳನ್ನು ಹೊಲಿದು, ಮೂಳೆ ಜೋಡಿಸಿದರು. ಬಿಳಿಚಿದ್ದ ಕೈಗೆ ರಕ್ತ ಹರಿಯಿತು. ಮುಖ್ಯ ನರಗಳನ್ನು ಕೂಡಿಸಿದ್ದು ಕೆಲವು ತಿಂಗಳ ಬಳಿಕ.

ರಕ್ತನಾಳ ಹೊಲಿಯುವ ವಿದ್ಯೆಗಾಗಿ ಅಲೆಕ್ಸಿಸ್ ಕ್ಯಾರೆಲ್‌ಗೆ 1912ರಲ್ಲೇ ನೊಬೆಲ್ ಬಹುಮಾನ ಬಂದಿತ್ತು. ಆದರೆ ಬೆರಳಿನ ನಾಳ ಸುಮಾರು ಒಂದು ಮಿಲಿಮೀಟರ್ ಅಗಲದ್ದು, ಬರಿಗಣ್ಣಿಗೆ ನಿಲುಕದು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ, ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಕೂಡಿಸಿದರು.

ರಕ್ತವಿಲ್ಲದ ಮಾಂಸ ಕೆಲವೇ ಗಂಟೆ ಬಾಳುತ್ತದೆ. ತಂಪು ಆ ಅವಧಿಯನ್ನು ಹಿಗ್ಗಿಸುತ್ತದೆ. ನಮ್ಮವರಲ್ಲಿ ಯಂತ್ರಗಳ ಮುಂದೆ ದುಡಿಯುವವರು ಅನೇಕರು. ಬೆರಳು ತುಂಡಾದರೆ ಗಾಯವನ್ನು ಒತ್ತಿ ಕಟ್ಟೋಣ. ತುಂಡನ್ನು ಎಸೆಯದೆ, ಒದ್ದೆಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡೋಣ. ಮಂಜುಗಡ್ಡೆ ನೇರವಾಗಿ ತಾಗಬಾರದು. ವೈದ್ಯರ ಕೈಗುಣ ಫಲಿಸುವುದು ಬಹುಮಟ್ಟಿಗೆ ಪಕ್ಕದಲ್ಲಿದ್ದವರ ಕೈಯಲ್ಲಿದೆ.